ಅಕ್ಕನಿಗೆ, ಆಪರೇಷನ್ನಿಗೆ ಒಪ್ಪುವ ಮೊದಲು

ಪ್ರೀತಿಯ ಅಕ್ಕನಿಗೆ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ, ಮಕ್ಕಳೂ ಆರಾಮ. ಅಮ್ಮನಿಗೂ ಭಾವನಿಗೂ ನಮಸ್ಕಾರ ಹೇಳು.

ನಿನ್ನ ಕಾಗದ, ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಎರಡೂ ಸಿಕ್ಕವು. ಮೊದಲು ಇದನ್ನು ಗಟ್ಟಿಯಾಗಿ ಹೇಳಿಬಿಡ್ತೀನಿ: ಫೈಬ್ರಾಯ್ಡ್ ಅಂದರೆ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಗೋಡೆಯ ಸ್ನಾಯುವೇ ಒಂದು ಕಡೆ ಗಂಟಾಗಿ ಬೆಳೆಯೋದು ಅಷ್ಟೇ. ಐವತ್ತು ತುಂಬೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಇರುತ್ತೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಗಂಟು ಕ್ಯಾನ್ಸರ್ ಆಗಿರೋದು ತೀರಾ ಅಪರೂಪ. ಮುಟ್ಟು ನಿಂತ ಮೇಲೂ ಬೆಳೀತಾ ಹೋದರೆ ಆ ಅನುಮಾನ ಜಾಸ್ತಿ ಆಗುತ್ತೆ. ನಿನಗಿನ್ನೂ 43. ಅಮ್ಮನಿಗೆ ಇದನ್ನೇ ಓದಿ ಹೇಳು.

‘ಮಕ್ಕಳಾಗಿವೆಯಲ್ಲ, ಇನ್ಯಾಕೆ ಗರ್ಭಕೋಶ, ತೆಗೆಸಿಬಿಡು’ ಅಂತ ಎಲ್ಲರೂ ಹೇಳ್ತಿದ್ದಾರೆ ಅಂತ ಬರೆದಿದ್ದೀಯ. ನನ್ನ ತಕರಾರು ಆ ಮಾತಿನ ಮೇಲೆ. ಗಂಟು ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ನೀವೆಲ್ಲ 6 ಸೆಂ.ಮೀ. ಗಂಟು ನೋಡಿ ಹೆದರಿದ್ದೀರಿ. ಅದು ‘ಇಂಟ್ರಾಮ್ಯೂರಲ್’, ಗೋಡೆಯೊಳಗೆ ಇರೋದು. ಅದರ ಕೆಳಗಿನ ಸಾಲು ಓದು: 2 ಸೆಂ.ಮೀ., ‘ಸಬ್‌ಮ್ಯೂಕಸ್’. ಅದು ಗರ್ಭಕೋಶದ ಒಳಪದರವನ್ನು ಒತ್ತಿಕೊಂಡು ಒಳಗೆ ಚಾಚಿದೆ. ಮುಟ್ಟಿನ ರಕ್ತ ಬರೋದೇ ಆ ಪದರದಿಂದ. ನಿನ್ನ ವಿಪರೀತ ರಕ್ತಸ್ರಾವಕ್ಕೆ ಹೆಚ್ಚಾಗಿ ಈ ಚಿಕ್ಕದೇ ಕಾರಣ. ಪದೇ ಪದೇ ಮೂತ್ರಕ್ಕೆ ಹೋಗೋದು, ಕಿಬ್ಬೊಟ್ಟೆ ಭಾರ, ಮಲಬದ್ಧತೆ, ಇವು ದೊಡ್ಡದು ಒತ್ತೋದರಿಂದ ಇರಬಹುದು.

ಇಲ್ಲಿ ಒಂದು ಪದ್ಧತಿ ಇದೆ, ಕೇಳಿದರೆ ನಿನಗೆ ನಗು ಬರುತ್ತೆ: ಪ್ಯಾಡಿಗೆ ಅಂಕ ಕೊಡೋದು! ಸ್ವಲ್ಪ ಕಲೆಯಾಗಿದ್ದರೆ 1, ಅರ್ಧಂಬರ್ಧ ಆಗಿದ್ದರೆ 5, ಪೂರ್ತಿ ನೆನೆದಿದ್ದರೆ 20. ಮುಟ್ಟಿನ ಅಷ್ಟೂ ದಿನದ ಅಂಕ ಕೂಡಿ 100 ದಾಟಿದರೆ ರಕ್ತಸ್ರಾವ ಹೆಚ್ಚು ಅಂತ ಲೆಕ್ಕ. ‘ತುಂಬಾ ಹೋಗುತ್ತೆ ಡಾಕ್ಟ್ರೇ’ ಅಂದರೆ ಕೇಳಿಸಿಕೊಳ್ಳದವರು ಕೂಡ ಈ ಹಾಳೆ ಮುಂದಿಟ್ಟರೆ ನೋಡ್ತಾರೆ. ಮುಂದಿನ ಸಲ ನೀನೂ ಬರೆದಿಡು. ಏಳು ದಿನಕ್ಕಿಂತ ಹೆಚ್ಚು ಹೋದರೆ, ಎರಡೂವರೆ ಸೆಂ.ಮೀ.ಗಿಂತ ದೊಡ್ಡ ಹೆಪ್ಪು ಬಿದ್ದರೆ, ಎರಡು ಮುಟ್ಟಿನ ನಡುವೆ ಕಲೆ ಕಂಡರೆ ಅದನ್ನೂ ಬರಿ. ನಡುವೆ ಕಾಣಿಸಿಕೊಂಡರೆ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಿಸಬೇಕಾ ಅಂತ ಕೇಳು. ಗಂಟೆಗೊಂದು ಪ್ಯಾಡಿನಂತೆ ಎರಡು ಗಂಟೆ ಸತತ ನೆನೆದರೆ, ಕಣ್ಣು ಕತ್ತಲೆ ಬಂದರೆ, ಮೂತ್ರ ಕಟ್ಟಿಕೊಂಡರೆ, ತಡೆಯಲಾರದ ನೋವಿನ ಜೊತೆ ಜ್ವರ ಬಂದರೆ ಕಾಯಬೇಡ, ಆಸ್ಪತ್ರೆಗೆ ಹೊರಡು.

ನನಗೆ ನಿಜವಾಗಿ ಚಿಂತೆ ಹಿಡಿದಿರೋದು ನಿನ್ನ ಹಿಮೋಗ್ಲೋಬಿನ್. 8.4! ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಬಳಪ ತಿನ್ನಬೇಕು ಅನ್ನಿಸೋದು ಎಲ್ಲಾ ಇದರಿಂದಲೇ. ಯಾವ ದಾರಿ ಹಿಡಿದರೂ ಮೊದಲು ರಕ್ತ ಏರಬೇಕು. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ಪರೀಕ್ಷೆ ಮಾಡಿಸು. ಕಬ್ಬಿಣದ ಮಾತ್ರೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಸಾಕು, ಎರಡೆರಡು ನುಂಗಿದರೆ ಮೈಗೆ ಹಿಡಿಯೋದಕ್ಕಿಂತ ಹೊಟ್ಟೆ ಕೆಡೋದೇ ಜಾಸ್ತಿ. ಖಾಲಿ ಹೊಟ್ಟೆಗೆ ತಗೋ; ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲಾ ಎರಡು ಗಂಟೆ ದೂರ ಇರಲಿ. ಮಲ ಕಪ್ಪಾಗುತ್ತೆ, ಹೆದರಬೇಡ. ನಾಲ್ಕು ವಾರದ ಮೇಲೂ ಏರದಿದ್ದರೆ, ಅಥವಾ ಮಲಬದ್ಧತೆ ತಡೆಯೋಕಾಗದಿದ್ದರೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡಿ ಅಂತ ಕೇಳು. ರಕ್ತ ಸರಿಯಾದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬಾರದು, ಎಲ್ಲರೂ ತಪ್ಪೋದು ಇಲ್ಲೇ.

ರಕ್ತಸ್ರಾವ ಜೋರಿರೋ ದಿನಗಳಿಗೆ ಅದನ್ನು ಕಡಿಮೆ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಸಾಮಾನ್ಯವಾಗಿ 1 ಗ್ರಾಂ, ದಿನಕ್ಕೆ ಮೂರು ಸಲ, ಹೆಚ್ಚೆಂದರೆ ನಾಲ್ಕೈದು ದಿನ. ತಿಂಗಳಿಡೀ ನುಂಗಿದರೆ ಪ್ರಯೋಜನ ಇಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದವರು ತಗೋಬಾರದು. ಇದು ಗಂಟನ್ನು ಕರಗಿಸಲ್ಲ. ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಕುಗ್ಗಿಸುತ್ತೆ, ಆದರೆ ನಿಲ್ಲಿಸಿದರೆ ಮತ್ತೆ ಬೆಳೆಯುತ್ತೆ, ಬಹಳ ದಿನ ಕೊಟ್ಟರೆ ಮೂಳೆ ಸವೆಯುತ್ತೆ. ಆಪರೇಷನ್ನಿಗೆ ಮುಂಚೆ ಮೂರು ತಿಂಗಳು ಮುಟ್ಟು ನಿಲ್ಲಿಸಿ ರಕ್ತ ಏರಿಸಿಕೊಳ್ಳೋದಕ್ಕೆ ಒಳ್ಳೇದು.

ಆ 2 ಸೆಂ.ಮೀ. ಗಂಟನ್ನು ಹಿಸ್ಟೆರೋಸ್ಕೋಪಿಯಲ್ಲಿ ತೆಗೀಬಹುದು. ಕೆಳಗಿನಿಂದಲೇ ಸಣ್ಣ ಕೊಳವೆ ಹಾಕಿ ಕೆರೆದು ತೆಗೀತಾರೆ, ಹೊಟ್ಟೆ ಕೊಯ್ಯೋದಿಲ್ಲ, ಹೆಚ್ಚಾಗಿ ಅವತ್ತೇ ಮನೆಗೆ. ಆಮೇಲೆ ಬೇಕಿದ್ದರೆ ಹಾರ್ಮೋನ್ ಇರುವ ಕಾಪರ್‌-ಟಿಯಂಥ ಸಾಧನ ಹಾಕಿಸಿಕೋ, ಮುಟ್ಟು ತುಂಬಾ ಕಡಿಮೆ ಆಗುತ್ತೆ. ಗಂಟು ಒಳಗಿರುವಾಗಲೇ ಹಾಕಿದರೆ ಜಾರಿ ಬೀಳೋ ಸಾಧ್ಯತೆ ಹೆಚ್ಚು. ದೊಡ್ಡದರ ಕಾಟ ತಡೆಯೋಕಾಗದಿದ್ದರೆ ಅದನ್ನಷ್ಟೇ ತೆಗೆಸಬಹುದು, ಇಲ್ಲವೇ ರಕ್ತನಾಳಕ್ಕೆ ಸಣ್ಣ ಕಾಳು ಬಿಟ್ಟು ಅದರ ರಕ್ತ ನಿಲ್ಲಿಸಬಹುದು. ಇದನ್ನು ಎಂಬೊಲೈಸೇಶನ್ ಅಂತಾರೆ. ಮೊದಲ ದಿನ ನೋವು ಜೋರು, ಆಮೇಲೆ ತಿಂಗಳುಗಳಲ್ಲಿ ಕುಗ್ಗುತ್ತೆ. ತೊಂದರೆ ಕೊಡದಿದ್ದರೆ ಅದರ ಪಾಡಿಗೆ ಬಿಡೋದೂ ಒಂದು ದಾರಿ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಸಣ್ಣಗಾಗುತ್ತೆ.

ಗರ್ಭಕೋಶ ತೆಗೆಸಲೇಬಾರದು ಅಂತ ನಾನು ಹೇಳ್ತಿಲ್ಲ ಅಕ್ಕ. ಮತ್ತೆ ಗಂಟು ಬಾರದ ಹಾಗೆ ಮಾಡೋದು ಅದೊಂದೇ. ಎಲ್ಲ ಕೇಳಿಕೊಂಡ ಮೇಲೆ ನಿನಗೇ ಅದು ಬೇಕು ಅನ್ನಿಸಿದರೆ ಮಾಡಿಸು. ಆದರೆ ಅಂಡಾಶಯ ಎರಡೂ ಚೆನ್ನಾಗಿದ್ದರೆ ಉಳಿಸಿ ಅಂತ ಒಪ್ಪಿಗೆ ಪತ್ರದಲ್ಲಿ ಬರೆಸು. ಈ ವಯಸ್ಸಿಗೆ ಅದನ್ನೂ ತೆಗೆದರೆ ಒಮ್ಮೆಲೇ ಮುಟ್ಟು ನಿಂತಂತಾಗಿ ಮೂಳೆಗೂ ಹೃದಯಕ್ಕೂ ಕೆಟ್ಟದ್ದು.

ಡಾಕ್ಟರ ಹತ್ತಿರ ಹೋಗುವಾಗ ಭಾವನೂ ಬರಲಿ. ಸಬ್‌ಮ್ಯೂಕಸ್ ಗಂಟು ಎಷ್ಟು ಭಾಗ ಒಳಗೆ ಚಾಚಿದೆ, ಹಿಸ್ಟೆರೋಸ್ಕೋಪಿಯಲ್ಲಿ ಆಗುತ್ತಾ, ಆಗಲ್ಲ ಅಂದರೆ ಯಾಕೆ, ಇಷ್ಟನ್ನು ಕೇಳದೆ ದಿನ ಗೊತ್ತು ಮಾಡಬೇಡಿ. ಅಲ್ಲಿ ಸಮಾಧಾನ ಆಗದಿದ್ದರೆ ಇನ್ನೊಬ್ಬರಿಗೆ ತೋರಿಸಿ. ದುಡ್ಡಿನ ಯೋಚನೆ ನನಗೆ ಬಿಡು. ಹೆದರಬೇಡ, ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ.

ಡ್ಯೂಟಿಗೆ ಹೊತ್ತಾಯ್ತು. ಫೆರಿಟಿನ್ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು, ಮರೀಬೇಡ.

ನಿನ್ನ ತಂಗಿ