ಅಜ್ಜನ 19 ರೀಲುಗಳು ಮತ್ತೆ ಮಾತಾಡಿದವು

ಕಳೆದ ಶನಿವಾರ ರಾತ್ರಿ ಕೊನೆಯ ಟೇಪ್ ರೀಲು ಮುಗಿಯಿತು. ಅಮ್ಮನ ಅಪ್ಪ, ನಮ್ಮ ಅಜ್ಜ, 1960ರ ದಶಕದಿಂದ 1970ರ ದಶಕದ ಕೊನೆಯವರೆಗೆ ಉಡುಪಿಯ ಮನೆಯ ಚಾವಡಿಯಲ್ಲಿ ಧ್ವನಿಮುದ್ರಿಸಿಟ್ಟ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ), ಭಜನೆ, ಶೋಭಾನೆಗಳೆಲ್ಲ ಈಗ ಕಂಪ್ಯೂಟರಿನಲ್ಲಿವೆ. ಹತ್ತು ತಿಂಗಳ ಕೆಲಸ. ನನ್ನೊಬ್ಬಳಿಂದ ಆದದ್ದಲ್ಲ, ಅದಕ್ಕಾಗಿಯೇ ಈ ಬರಹ.

ಮೊದಲ ವಂದನೆ ಅತ್ತೆಗೆ. ಮನೆ ದುರಸ್ತಿಯಾದಾಗ ಹಳೆಯದನ್ನೆಲ್ಲ ಗುಜರಿಗೆ ಹಾಕುವ ಮಾತು ಬಂದರೂ ಅವರು ರೀಲುಗಳ ಈ ಪೆಟ್ಟಿಗೆಯನ್ನು ಬಿಟ್ಟುಕೊಡಲಿಲ್ಲ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಅದು ಬೆಚ್ಚಗೆ ಉಳಿಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಟೇಪುಗಳಿಗೆ ಹೆಚ್ಚು ಹಿಡಿಯದಿರಲು ಆ ಹೊಗೆಯೇ ಕಾರಣವೆಂದು ನಾನು ನಂಬಿದ್ದೇನೆ.

ಅಜ್ಜನ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ರೇಡಿಯೋ ರಿಪೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಅದನ್ನು ಬಿಚ್ಚಿ, ಒರೆಸಿ, ಬೇರೆ ಬೆಲ್ಟ್ ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಆ ದಿನ ಅವರು ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಟೇಪು ಓಡುತ್ತಿತ್ತು, ಆದರೆ ಕಂಬಳಿ ಹೊದ್ದು ಹಾಡಿದಂತೆ ಭಾಗವತರ ಸ್ವರ ಮಂಕಾಗಿತ್ತು. ಅವರು ಕಣ್ಣು ಮುಚ್ಚಿ, ಹೆಡ್ಡಿನ (ಟೇಪಿನಿಂದ ಧ್ವನಿ ಓದುವ ಭಾಗದ) ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಹೆಡ್ಡು ಟೇಪಿಗೆ ನೇರವಾಗುತ್ತಿದ್ದಂತೆ ಚಕ್ರತಾಳದ ಕಿಣಿಕಿಣಿ ತಟ್ಟನೆ ಕೋಣೆ ತುಂಬಿತು. "ಇಷ್ಟೇ, ಇನ್ನು ಮುಟ್ಟಬೇಡಿ" ಎಂದರು.

ನನ್ನ ಅವಸರದಿಂದ ಒಂದು ರೀಲು ಹಿಂದಕ್ಕೆ ಸುತ್ತುವಾಗ ತುಂಡಾಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೆಯ ಟೇಪು. ಹಿಗ್ಗದೆ ನೇರವಾಗಿ ತುಂಡಾದ್ದರಿಂದ ಒಂದಕ್ಷರವೂ ಹೋಗದಂತೆ ಕೂಡಿಸಲು ಸಾಧ್ಯವಾಯಿತು. ಅದನ್ನು ಫೋನಿನಲ್ಲೇ ತಾಳ್ಮೆಯಿಂದ ಹೇಳಿಕೊಟ್ಟ ತಮ್ಮನಿಗೆ ಋಣಿ. 1970ರ ದಶಕದ ಕೊನೆಯ ಮೂರು ರೀಲುಗಳು ಬೇರೆ ಬಗೆಯವು. ಅವುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ, ಟೇಪು ಕಿರುಗುಟ್ಟಿ ನಿಲ್ಲುತ್ತಿತ್ತು. ಅವುಗಳನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಎಂಟು ಗಂಟೆ ಇಡಬೇಕಾಯಿತು. ಪಕ್ಕದ ಮನೆಯ ಅಕ್ಕ ಬಾಳೆಹಣ್ಣು ಒಣಗಿಸುವ ತಮ್ಮ ಡ್ರೈಯರನ್ನು ಎರಡು ದಿನ ಖಾಲಿ ಮಾಡಿ ಕೊಟ್ಟರು. ಆಟಿ ತಿಂಗಳ (ಆಷಾಢದ ಹೊತ್ತಿನ) ಮಳೆಗೆ ಕರೆಂಟ್ ಹೋದಾಗೆಲ್ಲ ಅವರ ಇನ್ವರ್ಟರಿನಿಂದಲೇ ವಯರು ಎಳೆದೆವು. ರೀಲಿನ ಒಂದು ಬದಿ ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆ ನಾಲ್ಕು ನಿಮಿಷ. ನಡುವೆ ನಿಂತರೆ ಮತ್ತೆ ಮೊದಲಿನಿಂದ.

ಏಳನೆಯ ರೀಲಿನ ಎರಡನೆಯ ಬದಿಯಲ್ಲಿ ತಾಳಮದ್ದಳೆಗೆ ಮುಂಚೆ ಅಜ್ಜ ಮೈಕನ್ನು ಪರೀಕ್ಷಿಸಿದ್ದಾರೆ. ಹಿಂದೆ ಅಂಗಳದಲ್ಲಿ ಹೆಂಗಸೊಬ್ಬರು ತುಳುವಿನಲ್ಲಿ ತೆಂಗಿನಕಾಯಿ ಎಣಿಸುತ್ತಾರೆ: ಒಂಜಿ, ರಡ್ಡ್, ಮೂಜಿ. ಒಂದೊಂದು ಕಾಯಿ ರಾಶಿಗೆ ಬೀಳುವ ಸದ್ದು. ಯಾರೋ ಮಾತಾಡಿಸುತ್ತಾರೆ, ಲೆಕ್ಕ ತಪ್ಪುತ್ತದೆ, ಮತ್ತೆ ಒಂಜಿಯಿಂದ ಶುರು. ಒಟ್ಟು ನಲವತ್ತು ಸೆಕೆಂಡು. ಅಮ್ಮನಿಗೆ ಹನ್ನೊಂದು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರು. ನಮ್ಮಲ್ಲಿದ್ದದ್ದು ಒಂದೇ ಫೋಟೋ. ಅಮ್ಮ ಅಡುಗೆಮನೆಯಿಂದ ಕೈಯ ಹಿಟ್ಟು ತೊಳೆಯದೆ ಬಂದು ನಿಂತು, "ಬಚ್ಚಲಿನ ಪಕ್ಕ ರಾಶಿ ಹಾಕುತ್ತಿದ್ದರು, ಅಲ್ಲಿಂದಲೇ ಕೇಳುತ್ತಿರುವುದು" ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಎಲ್ಲವನ್ನೂ ಉತ್ತಮ ಧ್ವನಿ ಗುಣಮಟ್ಟದಲ್ಲಿ, ಅಂದರೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಉಳಿಸಿ ಮೂರು ಕಡೆ ಇಟ್ಟಿದ್ದೇವೆ. ಒಂದು ಪ್ರತಿ ಬೆಂಗಳೂರಿನಲ್ಲಿ ಮಾವನ ಮಗಳ ಬಳಿ ಇದೆ. ಮೂಲ ರೀಲುಗಳು ಹೊಸ ಡಬ್ಬಿಯಲ್ಲಿ ಅತ್ತೆಯ ವಶದಲ್ಲೇ ಇವೆ.

ಚೌತಿಗೆ ಬರುವ ಬಂಧುಗಳೆಲ್ಲ ಪೆನ್‌ಡ್ರೈವ್ ತನ್ನಿ. ಹಿರಿಯರು ಸ್ವಲ್ಪ ಬೇಗ ಬನ್ನಿ. ಹನ್ನೊಂದನೆಯ ರೀಲಿನಲ್ಲಿ ಕೃಷ್ಣನ ಅರ್ಥ (ಆ ಪಾತ್ರದ ಮಾತು) ಹೇಳಿದವರು ಯಾರೆಂದು ನಮಗೆ ಇನ್ನೂ ಗೊತ್ತಾಗಿಲ್ಲ.