ಥರ್ಮಾಕೋಲ್ ಸಾಕು, ಮಕ್ಕಳ ಕೈಗೆ ಸೂಜಿ-ದಾರ ಕೊಡಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸು, ಫಾಲ್, ಪಿಕೋ, ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮು. ಈ ಕೆಲಸದಲ್ಲೇ ಕೂದಲು ಬೆಳ್ಳಗಾಗಿದೆ. ನಮ್ಮ ಜಿಲ್ಲೆಯ ಶಾಲೆಗಳ ಮುಂದೆ ಒಂದು ಬೇಡಿಕೆ ಇಡಬೇಕಾಗಿದೆ. ತಿಂಗಳಿಗೊಂದು ಶನಿವಾರ, ಒಂದೇ ಒಂದು ತಾಸು, ಮಕ್ಕಳಿಗೆ ಕೈಹೊಲಿಗೆ ಕಲಿಸಿ. ಕಲಿಸುವುದಕ್ಕೆ ನಮ್ಮೂರಿನ ಕೌದಿ (ಹಳೇ ಬಟ್ಟೆಯ ಪದರಗಳ ಹೊದಿಕೆ) ಹೊಲಿಯುವ ಹೆಣ್ಣುಮಕ್ಕಳನ್ನೇ ಕರೆಸಿ. ಬಂದವರಿಗೆ ದುಡ್ಡು ಕೊಡಿ.

ಶಾಲೆಯಲ್ಲಿ ‘ಕ್ರಾಫ್ಟ್ ಪ್ರಾಜೆಕ್ಟ್’ ಕೊಟ್ಟ ದಿನ ಸಂಜೆ ನನ್ನ ಅಂಗಡಿಗೆ ತಾಯಂದಿರು ಬರುತ್ತಾರೆ. ಲೇಸ್ ಇದೆಯಾ, ಮಿಂಚುವ ಬಟ್ಟೆ ಇದೆಯಾ, ಗಮ್ ಹಚ್ಚಿದರೆ ಹಿಡಿಯುತ್ತದಾ ಅಂತ ಕೇಳುತ್ತಾರೆ. ಮಗು ಮನೆಯಲ್ಲಿ ಬೇರೆ ಹೋಂವರ್ಕ್ ಬರೆಯುತ್ತಿರುತ್ತದೆ. ರಾತ್ರಿಯೆಲ್ಲ ಕೂತು ಥರ್ಮಾಕೋಲ್ ಕತ್ತರಿಸಿ ಮನೆ, ಮರ, ಬೆಟ್ಟ ಮಾಡುವವಳು ತಾಯಿ. ಪುರಸೊತ್ತಿಲ್ಲದವರು ಸ್ಟೇಷನರಿ ಅಂಗಡಿಯಲ್ಲಿ ರೆಡಿ ಇರುವುದನ್ನೇ ತರುತ್ತಾರೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದ್ದಾರೆ. ಆದರೂ ಶಾಲೆಯ ಗೋಡೆ ತುಂಬ ಅದೇ ಕಾಣುತ್ತದೆ. ವಾರ ಕಳೆದ ಮೇಲೆ ಅದು ಚರಂಡಿಗೆ ಹೋಗುತ್ತದೆ. ಮಗುವಿನ ಕೈ ಏನನ್ನೂ ಕಲಿತಿರುವುದಿಲ್ಲ. ಇದನ್ನು ನೋಡಿ ನೋಡಿ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಬಟ್ಟೆಗೆ ದುಡ್ಡು ಬೇಕಿಲ್ಲ. ಎಷ್ಟೇ ಬಡ ಮನೆಯಾಗಲಿ, ಒಂದು ಹಳೇ ಪತ್ತಲ, ಒಂದು ಸವೆದ ಲುಂಗಿ ಇದ್ದೇ ಇರುತ್ತದೆ. ನಮ್ಮ ಕಡೆ ಅದನ್ನು ಎಸೆಯುವ ರೂಢಿಯೇ ಇರಲಿಲ್ಲ. ಕೌದಿ ಹೊಲಿಯುತ್ತಿದ್ದರು. ಬೀದರ್ ಕಡೆ ಗೋಧಡಿ ಅಂತಾರೆ. ಲಿಂಗಾಯತರ ಮನೆಯಲ್ಲೂ ಇತ್ತು, ಮುಸ್ಲಿಮರ ಮನೆಯಲ್ಲೂ ಇತ್ತು, ಲಂಬಾಣಿ ತಾಂಡಾಗಳಲ್ಲೂ ಇತ್ತು. ಈಗ ಹಳೇ ಸೀರೆಗಳನ್ನು ಗಂಟು ಕಟ್ಟಿ ಬಾಗಿಲಿಗೆ ಬಂದ ಪಾತ್ರೆ ಮಾರುವವರಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತಗೋತೇವೆ.

ಈಗಿನ ಮಕ್ಕಳು ಕೌದಿ ಹೊಲಿಯುವುದನ್ನು ನೋಡಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಸೀರೆಯನ್ನು ನೆಲದ ಮೇಲೆ ಹಾಸುತ್ತಾರೆ. ಸುಕ್ಕು ತೆಗೆದು ನಾಲ್ಕು ಮೂಲೆಗೆ ಕಲ್ಲು ಹೇರುತ್ತಾರೆ. ಅದರ ಮೇಲೆ ಧೋತರ, ಲುಂಗಿ, ಅಂಗಿಯ ಬೆನ್ನು, ಏನು ಗಟ್ಟಿ ಉಳಿದಿದೆಯೋ ಅದನ್ನು ಪದರ ಪದರವಾಗಿ ಹರಡುತ್ತಾರೆ. ಮೇಲೆ ಚಂದ ಕಾಣುವ ತುಂಡುಗಳು. ಆಮೇಲೆ ಅಂಚಿನಿಂದ ಹೊಲಿಗೆ ಶುರು. ಒಂದು ಸುತ್ತು ಮುಗಿದ ಮೇಲೆ ಎರಡು ಬೆರಳು ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಮ್ಮ ಆಯಿ ಹೊಲಿಯುವಾಗ ನಾನು ಪಕ್ಕದಲ್ಲಿ ಕುಂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ‘ಟಾಕಿ ಜ್ವಾಳದ ಕಾಳಿನಷ್ಟು ಇರಬೇಕವ್ವಾ, ನಡುವ ಬಿಡೂದೂ ಅಷ್ಟೇ ಇರಬೇಕು’ ಅನ್ನುತ್ತಿದ್ದಳು. ಟಾಕಿ ಅಂದರೆ ಒಂದೊಂದು ಹೊಲಿಗೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದುಕೊಂಡವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ಆಕೆ ಹೊಲಿದ ಒಂದು ಕೌದಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಅದರಲ್ಲಿ ನನ್ನ ಒಂದನೇ ಇಯತ್ತೆಯ ಲಂಗದ ತುಂಡಿದೆ, ನಮ್ಮ ಮುತ್ಯಾನ ರುಮಾಲಿನ ತುಂಡಿದೆ. ಮೊಮ್ಮಗ ಬೆರಳಿಟ್ಟು ‘ಇದು ಯಾರದು, ಇದು ಯಾರದು’ ಅಂತ ಕೇಳುತ್ತಾನೆ. ಮನೆತನದ ಕಥೆ ಹೇಳಲು ನನಗೆ ಬೇರೆ ಆಲ್ಬಮ್ ಬೇಕಾಗಿಲ್ಲ.

ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಮನೆಮನೆಗೆ ಬಂದು, ಕಟ್ಟೆಯ ಮೇಲೆ ಕುಂತು ಕೌದಿ ಹೊಲಿದು ಕೊಡುತ್ತಿದ್ದರು. ಈಗಲೂ ಕೆಲವರು ಬರುತ್ತಾರೆ. ಒಂದು ದೊಡ್ಡ ಕೌದಿಗೆ ವಾರಗಟ್ಟಲೆ ಕೆಲಸ. ಬೆರಳ ತುದಿ ಗಟ್ಟಿಯಾಗಿ ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ. ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಪಾಲಿಯೆಸ್ಟರ್ ರಜಾಯಿ ತರಿಸುವವರೇ ಇವರ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿ ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆಗೆ ತೂಗಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬಹಳ ಸಂತೋಷ. ಆದರೆ ಚಿಂಚೋಳಿ, ಚಿತ್ತಾಪುರ, ಆಳಂದ ಕಡೆಯ ತಾಂಡಾಗಳಲ್ಲೂ ಕನ್ನಡಿ, ಕವಡೆ ಹಚ್ಚಿ ಹೊಲಿಯುವ ಅಜ್ಜಿಯರಿದ್ದಾರೆ. ಅವರ ಕೈ ಕೆಲಸವನ್ನು ಮೊದಲು ನಮ್ಮ ಮಕ್ಕಳು ನೋಡಲಿ ಅನ್ನುವುದು ನನ್ನ ಆಸೆ.

ನೆನಪಿಗೆ ಏನಾದರೂ ಹೊಲಿಸಿಕೊಳ್ಳಬೇಕು ಎಂಬ ಹಂಬಲ ಜನರಲ್ಲಿ ಇಲ್ಲ ಅಂತ ಯಾರೂ ಅನ್ನಬೇಡಿ. ಹೋದ ಚಳಿಗಾಲದಲ್ಲಿ ಆಟೋ ಓಡಿಸುವ ಒಬ್ಬರು ಅಣ್ಣ ಬಂದಿದ್ದರು. ಕೈಯಲ್ಲಿ ತೀರಿಹೋದ ತಾಯಿಯ ಇಳಕಲ್ ಸೀರೆ. ‘ಅಕ್ಕಾರ, ಮಗಳಿಗಿ ಕೂಸು ಆಗ್ಯದ. ನಮ್ಮವ್ವನ ಸೀರಿದಾಗ ಏನರ ಮಾಡಿ ಕೊಡ್ರಿ’ ಅಂದರು. ಬಿಡಿಸಿ ನೋಡಿದೆ. ಒಡಲು ಮಡಿಕೆಯ ಉದ್ದಕ್ಕೂ ಹಿಂಜಿತ್ತು. ಸೆರಗು ಮಾತ್ರ ಗಟ್ಟಿ. ಕೆಂಪು ನೆಲದ ಮೇಲೆ ತೋಪು ತೆನೆ ಎಂಬ ಬಿಳಿ ವಿನ್ಯಾಸ ಹೊಸದರ ಹಾಗೇ ಇತ್ತು. ಸೆರಗಿನಲ್ಲಿ ಕೂಸಿಗೆ ಕುಂಚಿಗೆ, ಅಂದರೆ ತಲೆಗೆ ಹಾಕುವ ಕುಲಾವಿ, ಕತ್ತರಿಸಿದೆ. ತೋಪು ತೆನೆ ಹಣೆಯ ಮೇಲೆ ಬರುವಂತೆ ಇಟ್ಟೆ. ಒಡಲಿನಲ್ಲಿ ಚೆನ್ನಾಗಿದ್ದ ಹತ್ತಿ ಭಾಗ ಒಳಗಿನ ಅಸ್ತರ್ ಆಯಿತು. ಎಳೆ ತಲೆಗೆ ಹೊಲಿಗೆಯ ಗಂಟು ಒತ್ತಬಾರದು. ಅದಕ್ಕೆ ಹೊಲಿಗೆಯ ಮಗ್ಗುಲೆಲ್ಲ ಎರಡು ಪದರದ ನಡುವೆ ಮರೆಯಾಗುವಂತೆ ಮಾಡಿದೆ. ಮಣಿ, ಕನ್ನಡಿ, ಗುಂಡಿ ಯಾವುದೂ ಹಚ್ಚಲಿಲ್ಲ. ಸಣ್ಣ ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಒಳ ಅಂಚಿಗೆ ಕೆಂಪು ದಾರದಲ್ಲಿ ಮುತ್ತಜ್ಜಿಯ ಹೆಸರು ಹೊಲಿದೆ. ಆ ಅಣ್ಣ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದರು. ತೊಟ್ಟಿಲು ಕಾರ್ಯದಲ್ಲಿ ಬೆಳ್ಳಿ ಉಡಿದಾರಕ್ಕಿಂತ ಜಾಸ್ತಿ ಜನ ಆ ಕುಂಚಿಗೆಯನ್ನೇ ಕೈಗೆತ್ತಿಕೊಂಡು ನೋಡಿದರು ಅಂತ ಆಮೇಲೆ ಬಂದು ಹೇಳಿದರು.

ಇಲ್ಲೇ ಒಂದು ಮಾತು, ತಾಯಂದಿರು ದಯವಿಟ್ಟು ಗಮನಿಸಿ. ಹಳೇ ಕುಂಚಿಗೆ, ಕೌದಿಗಳನ್ನು ಟ್ರಂಕಿನಲ್ಲಿ ಡಾಂಬರ ಗುಳಿಗೆ ಹಾಕಿ ಇಡುತ್ತೇವೆ. ನ್ಯಾಫ್ತಲಿನ್ ಅನ್ನುತ್ತಾರಲ್ಲ, ಅದು. ಕೂಸು ಹುಟ್ಟಿದ ಕೂಡಲೇ ತೆಗೆದು ಹಾಗೇ ಹೊದಿಸಬೇಡಿ. ಕೆಲವು ಕೂಸುಗಳಿಗೆ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ಆ ಗುಳಿಗೆಯ ವಾಸನೆಯಿಂದಲೇ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಹೊರಗಿನಿಂದ ನೋಡಿದರೆ ಯಾವ ಕೂಸಿಗೆ ಅದು ಇದೆ ಅಂತ ಗೊತ್ತಾಗುವುದಿಲ್ಲ. ಕೂಸಿನ ಬಟ್ಟೆ ಇರುವ ಟ್ರಂಕಿಗೆ ಆ ಗುಳಿಗೆಯೇ ಬೇಡ. ಒಣಗಿದ ಬೇವಿನ ಎಲೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೇ ಹತ್ತಿ ಧೋತರದಲ್ಲಿ ಸುತ್ತಿ. ವರ್ಷಕ್ಕೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ, ಇಲ್ಲದಿದ್ದರೆ ರೇಷ್ಮೆ, ಜರಿ ಮಡಿಕೆಯಲ್ಲೇ ಸೀಳುತ್ತದೆ. ಇನ್ನೊಂದು, ಎಳೆ ಕೂಸಿಗೆ ದಪ್ಪ ಕೌದಿ ಮುಖದವರೆಗೆ ಹೊದಿಸಿ ಮಲಗಿಸಬೇಡಿ. ಉಸಿರು ಕಟ್ಟುತ್ತದೆ.

ಇನ್ನು ಮಕ್ಕಳ ವಿಷಯ. ಬೇಸಿಗೆ ರಜೆಯಲ್ಲಿ ನಮ್ಮ ಗಲ್ಲಿಯ ಮಕ್ಕಳು ಮಧ್ಯಾಹ್ನದ ಬಿಸಿಲಿಗೆ ಆಡಲಾಗದೆ ನನ್ನ ಅಂಗಡಿಯಲ್ಲಿ ಬಂದು ಕೂರುತ್ತಾರೆ. ಸುಮ್ನೆ ಕೂರುವುದು ಯಾಕೆ ಅಂತ ಒಬ್ಬೊಬ್ಬರ ಕೈಗೂ ಒಂದು ಸೂಜಿ ಕೊಡುತ್ತೇನೆ. ದೊಡ್ಡ ಕಣ್ಣಿನ ಸೂಜಿ, ದಪ್ಪ ದಾರ, ಮ್ಯಾಟಿ ಬಟ್ಟೆ. ಅದರ ನೇಯ್ಗೆಯಲ್ಲೇ ಚೌಕ ಚೌಕ ಕಾಣುವುದರಿಂದ ಮಕ್ಕಳಿಗೆ ಸುಲಭ. ದಾರ ಒಂದು ಮೊಳಕ್ಕಿಂತ ಜಾಸ್ತಿ ಕೊಡಬಾರದು, ಗಂಟು ಬಿದ್ದು ಮಕ್ಕಳು ಬೇಸತ್ತು ಎದ್ದು ಹೋಗುತ್ತಾರೆ. ಮೊದಲು ಸಾಲು ಹೊಲಿಗೆ, ಆಮೇಲೆ ಗುಂಡಿ ಹಚ್ಚುವುದು, ಆಮೇಲೆ ಒಂದು ಸಣ್ಣ ಚೀಲ. ಐದನೇ ಇಯತ್ತೆಯ ಒಬ್ಬ ಹುಡುಗ ಅಪ್ಪನ ಹರಿದ ಪ್ಯಾಂಟಿನ ಜೇಬನ್ನು ಬಿಚ್ಚಿಕೊಂಡು ಬಂದು ಗೋಲಿ ಚೀಲ ಮಾಡಿದ. ದಾರ ಬಿಗಿಯಾಗಿ ಎಳೆದು ಬಟ್ಟೆ ಮುದುಡಿತು. ನಾನು ಬಿಚ್ಚು ಅಂದಿರಲಿಲ್ಲ. ತಾನೇ ಬಿಚ್ಚಿ ಮತ್ತೆ ಹೊಲಿದ. ಬಾಯಿಗೆ ಲಾಡಿ ಪೋಣಿಸಿ ಎಳೆದಾಗ ಚೀಲ ಮುಚ್ಚಿಕೊಂಡಿತು. ಆಗ ಅವನ ಮುಖ ನೋಡಬೇಕಿತ್ತು! ಹುಡುಗರಿಗೆ ಯಾಕೆ ಹೊಲಿಗೆ ಅಂತ ಕೇಳುವವರು ಕಪಡಾ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬರಲಿ. ಮಷೀನ್ ಮುಂದೆ ಕೂತವರಲ್ಲಿ ಗಂಡಸರೇ ಜಾಸ್ತಿ ಅಲ್ವಾ?

ನಾನು ಹೊಸದೇನನ್ನೂ ಕೇಳುತ್ತಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಶಿಕ್ಷಣ ಕೊಡಬೇಕು ಅಂದರು. ನಾವು ಓದುವಾಗ ಶಾಲೆಯಲ್ಲಿ ಹೊಲಿಗೆ ಟೀಚರ್ ಅಂತಲೇ ಒಬ್ಬರಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಊರಿನ ಬಡಗಿ, ಕುಂಬಾರರಂಥ ಕಸುಬಿನವರ ಹತ್ತಿರ ಕಲಿಯಲಿ ಅಂತ ಹೇಳುತ್ತದೆ. ನಮ್ಮ ರಾಜ್ಯದಲ್ಲೂ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಬಂದಿದೆ. ಆ ದಿನದಲ್ಲಿ ಒಂದು ತಾಸು ಸಾಕು.

ಎರಡು ಆಕ್ಷೇಪ ಬರುತ್ತವೆ, ಗೊತ್ತು. ಸೂಜಿ ಚುಚ್ಚಿದರೆ? ನಾಲ್ಕನೇ ತರಗತಿಯ ಮೇಲಿನವರಿಗೆ ಕೊಡಿ. ಪ್ರತಿ ಮಗುವಿಗೂ ನಂಬರ್ ಬರೆದ ಬಟ್ಟೆಯ ತುಂಡಿಗೆ ಚುಚ್ಚಿದ ಒಂದೇ ಸೂಜಿ. ತಾಸು ಮುಗಿದ ಮೇಲೆ ಎಣಿಸಿ ವಾಪಸ್ ತಗೊಳ್ಳಿ. ಎರಡನೆಯದು, ಪಾಸಾಗುವುದೇ ಕಷ್ಟ, ಇದೆಲ್ಲ ಯಾಕೆ ಅನ್ನುವುದು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಕೊನೆಗೆ ನಿಂತಿತು. ಆ ನೋವು ನನಗೂ ಇದೆ. ಆದರೆ ತಿಂಗಳಿಗೆ ಒಂದು ತಾಸು ಸೂಜಿ ಹಿಡಿದರೆ ಯಾವ ಮಗುವೂ ಫೇಲ್ ಆಗುವುದಿಲ್ಲ. ಒಂದು ಮೊಳ ಬಟ್ಟೆ ಮಡಚಿ ಅರ್ಧ ಮಾಡು, ಕಾಲು ಮಾಡು, ಅರೆಕಾಲು ಮಾಡು ಅಂದರೆ ಭಿನ್ನರಾಶಿ ಕಣ್ಣಿಗೇ ಕಾಣುತ್ತದೆ. ಹಲಗೆಯ ಮೇಲೆ ಬರೆದಾಗ ತಿಳಿಯದ ಮಕ್ಕಳಿಗೆ ಬಟ್ಟೆಯಲ್ಲಿ ತಿಳಿದದ್ದನ್ನು ನಾನು ನೋಡಿದ್ದೇನೆ.

ತಾಂಡಾದ ಶಾಲೆಗಳಲ್ಲಂತೂ ಇದು ಮೊದಲು ಆಗಬೇಕು. ಅಲ್ಲಿ ಎಷ್ಟೋ ಮಕ್ಕಳ ಅಪ್ಪ-ಅಮ್ಮ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿರುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಆ ಅಜ್ಜಿಗೆ ಹೊಲಿಗೆ ಬರುತ್ತದೆ. ಆಕೆಯನ್ನೇ ಶಾಲೆಗೆ ಕರೆದು ಕುರ್ಚಿ ಹಾಕಿ ಕೂರಿಸಿ. ಊರಲ್ಲಿಲ್ಲದ ಅವ್ವನ ಸೀರೆಯ ತುಂಡಿನಲ್ಲಿ ಮಗು ತನ್ನ ಪೆನ್ಸಿಲ್ ಚೀಲ ತಾನೇ ಹೊಲಿದುಕೊಳ್ಳಲಿ. ದಿನಾ ಕೈಯಲ್ಲಿ ಹಿಡಿಯುವ ವಸ್ತು ಅದು.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆಂದು ಹಣ ತೆಗೆದಿಡುತ್ತದೆ. ಅದರಲ್ಲಿ ಈ ಹೆಣ್ಣುಮಕ್ಕಳ ಗೌರವಧನಕ್ಕೆ ಬೇಕಾಗುವುದು ಚಿಲ್ಲರೆ ಮೊತ್ತ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಬರಿಗೈಯಲ್ಲಿ ಕಳಿಸಬೇಡಿ. ಬಸ್ ಚಾರ್ಜು, ಒಂದು ದಿನದ ಕೂಲಿ ಅಂದೇ ಅವರ ಕೈಗೆ ಹೋಗಬೇಕು.

ನನ್ನ ಅಂಗಡಿಯಲ್ಲಿ ದಿನವೂ ತುಂಡು ಬಟ್ಟೆ ಉಳಿಯುತ್ತದೆ. ಹತ್ತಿಯದು ಬೇರೆ, ಸಿಂಥೆಟಿಕ್ ಬೇರೆ ಚೀಲದಲ್ಲಿ ಹಾಕಿಡುತ್ತೇನೆ. ಯಾವ ಸರ್ಕಾರಿ ಶಾಲೆಯವರು ಬಂದು ಕೇಳಿದರೂ ಹತ್ತಿಯ ಚೀಲ ಪುಕ್ಕಟೆ. ಊರಿನ ಉಳಿದ ಟೇಲರ್ ಅಣ್ಣಂದಿರನ್ನೂ ಕೇಳಿದ್ದೇನೆ, ಕೆಲವರು ಹೂಂ ಅಂದಿದ್ದಾರೆ. ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಒಂದು ಸುತ್ತೋಲೆ ಕಳಿಸಲಿ. ಅದು ಬರುವವರೆಗೆ ಕಾಯಬೇಕಾಗಿಲ್ಲದ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ಮುಖ್ಯ ಗುರುಗಳು ಮುಂದಿನ ಶನಿವಾರವೇ ಶುರು ಮಾಡಬಹುದು. ಮೊದಲ ತರಗತಿಗೆ ಅಂಗಡಿ ಮುಚ್ಚಿ ನಾನೇ ಬರುತ್ತೇನೆ, ಕೌದಿ ಹೊಲಿಯುವ ಒಬ್ಬರನ್ನು ಜೊತೆಗೆ ಕರೆತರುತ್ತೇನೆ.

ಇಂತಿ,
ಹೊಲಿಗೆ ಅಂಗಡಿಯ ಒಬ್ಬ ಓದುಗಾರ್ತಿ
ಕಲಬುರಗಿ