ಹೊಗಳಿದವರು ಆಡಿ ನೋಡಿದ್ದಾರಾ?

ಪ್ರೀತಿಯ ತಮ್ಮ,

ನಿನ್ನ ಕಾಗದ, ಪಾತ್ರಗಳಾಗಿ ಕೂತು ಆಡುವ ನಿನ್ನ ಆಟದ ಹಸ್ತಪ್ರತಿ ಎರಡೂ ಕೈಸೇರಿದವು. ಕಾಗದದ ತುಂಬ ಮೇಡಂ, ಮೇಡಂ ಅಂತ ಬರೆದಿದ್ದೀಯ. ಮಂಡ್ಯದ ಹುಡುಗ, ಅಕ್ಕ ಅಂದರೆ ಸಾಕು.

ನಿನ್ನ ಸಂಕಟ ಕೇಳಿದರೆ ಕೆಲವರು ನಂಬಲಿಕ್ಕಿಲ್ಲ. ಆಟದ ಪುಸ್ತಕ ಅಚ್ಚು ಹಾಕಿಸಲು ನೀನು ಜನರ ಹತ್ತಿರ ಒಂದೂವರೆ ಲಕ್ಷ ಮುಂಗಡ ಕೇಳಿದೆ, ಮೂರು ಲಕ್ಷದ ಮೇಲೆ ಬಂತು. ಜನ ಶಭಾಷ್ ಅಂದರು, ಪೇಪರಿನಲ್ಲಿ ಫೋಟೋ ಬಂತು. ಅವತ್ತಿನಿಂದ ಒಂದು ಸಾಲೂ ಬರೆಯಲು ಆಗುತ್ತಿಲ್ಲ, ರಾತ್ರಿ ಫೋನ್ ಕೈಗೆತ್ತಿಕೊಂಡರೆ ಎದೆ ಡವಡವ ಅನ್ನುತ್ತೆ, ಎಲ್ಲರ ದುಡ್ಡು ವಾಪಸ್ ಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಡೋಣ ಅನ್ನಿಸುತ್ತೆ ಅಂತ ಬರೆದಿದ್ದೀಯ. ಓದಿ ಕರುಳು ಚುರ್ ಅಂದಿತು. ನಾನು ನಂಬುತ್ತೇನೆ.

ಕೊನೆಯಲ್ಲಿ ಪ್ರಶ್ನೆಗಳ ಒಂದು ಪಟ್ಟಿಯನ್ನೇ ಹಾಕಿದ್ದೀಯ. ಎಷ್ಟು ಜಿಎಸ್‌ಎಂ ತೂಕದ ಕಾಗದ, ಕೊರಿಯರ್‌ಗೆ ಎಷ್ಟು ಎತ್ತಿಡಬೇಕು, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಆದರೆ ಕವಡೆ ಚೀಲಕ್ಕೆ ಏನು ಅಂತ. ಇದನ್ನೆಲ್ಲ ಪ್ರೆಸ್ಸಿನವರು, ಆಡಿಟರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರನ್ನು ಕೇಳು. ನನಗೆ ಹೇಳಬೇಕಾಗಿರುವುದು ಬೇರೆ. ಆ ಹೊಗಳಿಕೆ ಇದೆಯಲ್ಲ, ಅದನ್ನು ಮೊದಲು ತಲೆಯಿಂದ ಇಳಿಸು.

ಯಾರೂ ನಿನ್ನ ಆಟವನ್ನು ಹೊಗಳಿಲ್ಲ ಕಣಪ್ಪ. ಬೇಜಾರು ಮಾಡಿಕೊಳ್ಳಬೇಡ. ಆಟವನ್ನು ಅವರು ನೋಡೇ ಇಲ್ಲ. ಅವರಿಗೆ ಹಿಡಿಸಿದ್ದು ನಿನಗೆ ಹೊಳೆದ ವಿಚಾರ. ಕನ್ನಂಬಾಡಿ ಕಟ್ಟೆ ಏಳುತ್ತಿದೆ, ಒಂದು ಊರು ಮುಳುಗಲಿದೆ. ಟೇಬಲ್ ಸುತ್ತ ಕೂತ ನಾಲ್ಕೈದು ಜನ ಆ ಊರಿನವರೇ ಆಗಿ ಮಾತಾಡಬೇಕು, ನೀರು ಬರುವ ಮುಂಚೆ ಏನು ಹೊತ್ತುಕೊಂಡು ಹೋಗುವುದು ಅಂತ ಜಗಳ ಆಡಬೇಕು. ದಾಳದ ಬದಲು ಕವಡೆ. 1911ರಲ್ಲಿ ಕೆಲಸ ಶುರುವಾಗಿ ಸುಮಾರು ಇಪ್ಪತ್ತು ವರ್ಷ ನಡೆದ ಕಟ್ಟೆ ಅದು. ನಿಮ್ಮ ಜಿಲ್ಲೆಯ ಗದ್ದೆಗೆ ನೀರು ಕೊಟ್ಟಿತು. ಹಳೇ ಕನ್ನಂಬಾಡಿಯನ್ನೂ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನೂ ಮುಳುಗಿಸಿತು. ಇವೆರಡನ್ನೂ ಒಂದೇ ಆಟದಲ್ಲಿ ಹಿಡಿಯಬೇಕು ಅಂತ ನಿನಗೆ ಹೊಳೆದಿದ್ದೇ ದೊಡ್ಡದು. ದುಡ್ಡು ಬಂದಿದ್ದು ಅದಕ್ಕೆ. ಆದರೆ ಆಟ ಬರೆದು ಮುಗಿದ ಮೇಲೆ ಸಿಗಬೇಕಾದ ಹೊಗಳಿಕೆ ನಿನಗೆ ಮುಂಗಡವಾಗಿ ಸಿಕ್ಕಿಬಿಟ್ಟಿದೆ. ಈಗ ಬರೆಯುವ ಒಂದೊಂದು ಸಾಲೂ ಅದಕ್ಕೆ ಸಮ ಬರುತ್ತಾ ಅಂತ ಅಳೆಯುತ್ತಾ ಕೂತಿದ್ದೀಯ. ಕೈ ಓಡದೇ ಇರುವುದು ಅದಕ್ಕೇ.

ನಾನು ಕಥೆ, ನಾಟಕ ಬರೆದವಳು. ಈ ಥರದ ಆಟವನ್ನು ಮಗಳು, ಅವಳ ಸ್ನೇಹಿತರ ಜೊತೆ ಕೂತು ಕಲಿತೆ, ಈಗಲೂ ಆಡುತ್ತೇನೆ. ಆದ್ದರಿಂದ ನಿನ್ನದನ್ನು ಓದಿದ ತಕ್ಷಣ ಉತ್ತರ ಬರೆಯಲಿಲ್ಲ. ನಮ್ಮ ಸರಸ್ವತೀಪುರಂ ಮನೆಯ ಮಹಡಿಯಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವ ಹುಡುಗಿಯರು ಬಾಡಿಗೆಗೆ ಇದ್ದಾರೆ. ಅವರ ಕೈಗೆ ಕೊಟ್ಟು, ‘ಓದಿಕೊಂಡು ನೀವೇ ಆಡಿ, ನನ್ನನ್ನು ಏನೂ ಕೇಳಬೇಡಿ’ ಅಂದೆ. ಒಬ್ಬಳು ಆಟ ನಡೆಸುವ ಸೂತ್ರಧಾರಿ ಆದಳು. ಉಳಿದವರು ಶಾನುಭೋಗ, ಅಂಬಿಗ, ಬಟ್ಟೆ ಒಗೆಯುವ ಮಡಿವಾಳರ ಹೆಂಗಸು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತೆ.

ಮೊದಲು ಸಿಕ್ಕಿಹಾಕಿಕೊಂಡಿದ್ದು 14ನೇ ಪುಟದಲ್ಲಿ. ಅಂಬಿಗ ದೋಣಿ ದಾಟಿಸಬೇಕು. ಕವಡೆ ಹಾಕಿದಳು. ಮೂರು ಅಂಗಾತ, ಒಂದು ಬೋರಲು. ದೋಣಿ ದಾಟಿತೋ ಇಲ್ಲವೋ? ಸೂತ್ರಧಾರಿ ಪುಟ ತಿರುವಿದಳು. ಸಂಜೆಯ ಕಾವೇರಿ ಹೇಗಿರುತ್ತೆ ಅಂತ ಒಂದೂವರೆ ಪುಟ ಬರೆದಿದ್ದೀಯ. ಬಣ್ಣ ಇದೆ, ಗಾಳಿ ಇದೆ, ನೀರುಹಕ್ಕಿ ಇದೆ. ಮೂರು ಬಿದ್ದರೆ ಏನು ಅನ್ನುವುದು ಮಾತ್ರ ಇಲ್ಲ. ಹಿಂದೆ ಮುಂದೆ ಹುಡುಕಿ ಹುಡುಕಿ, ಕೊನೆಗೆ ‘ದಾಟಿತು ಅಂದ್ಕೊಳ್ಳೋಣ ಬಿಡೇ’ ಅಂದಳು. ಅಲ್ಲಿಗೆ ಹೊಳೆಯ ಭಯವೇ ಹೋಯಿತು.

ಇನ್ನೊಂದು. ನಾಲ್ಕೂ ಬೋರಲು ಬಿದ್ದರೆ, ಅಂದರೆ ಬಾರ ಬಿದ್ದರೆ, ನೀರು ಒಂದು ಮೆಟ್ಟಿಲು ಏರುತ್ತೆ ಅಂತ ನಿಯಮ ಮಾಡಿದ್ದೀಯ. ಒಳ್ಳೇ ನಿಯಮ. ಚೌಕಾಬಾರ ಆಡಿ ಬೆಳೆದವರಿಗೆ ಬಾರ ಅಂದರೆ ಎಂಟು ಮನೆ, ಖುಷಿ. ನೀನು ಅದನ್ನೇ ಭಯ ಮಾಡಿದ್ದೀಯ. ಆದರೆ ಅವರು ಸಂಜೆಯೆಲ್ಲ ಆಡಿದರೂ ನೀರು ಏರಲಿಲ್ಲ. ಮುಳುಗುವ ಊರಿನ ಆಟದಲ್ಲಿ ನೀರೇ ಬರಲಿಲ್ಲ! ಕವಡೆಯನ್ನು ನಾಣ್ಯದ ಹಾಗೆ ಅಂತ ಇಟ್ಟುಕೊಂಡರೂ ನಾಲ್ಕು ಕವಡೆ 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಎರಡು ಅಂಗಾತ ಆಗುವುದು 6 ರೀತಿ. ನಾಲ್ಕೂ ಬೋರಲಾಗುವುದು ಒಂದೇ ರೀತಿ. ಜೊತೆಗೆ ಕವಡೆ ನಾಣ್ಯ ಅಲ್ಲ. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಒಂದೊಂದು ಕಂತೆ ಒಂದೊಂದು ಥರ ಬೀಳುತ್ತೆ. ನೀನು ಕೊಡಬೇಕು ಅಂತಿರುವ ಕವಡೆಯನ್ನೇ ಕೈಯಲ್ಲಿ ಹಿಡಿದು ಇನ್ನೂರು ಸಲ ಹಾಕಿ ಬರೆದಿಟ್ಟುಕೋ. ಆಮೇಲೆ ನಿಯಮ ತಿದ್ದು. ನಿನ್ನ ಆಟಕ್ಕೆ ಶಭಾಷ್ ಅಂದವರಲ್ಲಿ ಒಬ್ಬರಾದರೂ ಇದನ್ನು ಹೇಳಿದರಾ?

ಆಮೇಲೆ ಏನಾಯಿತು ಕೇಳು. ಊರು ಬಿಡುವ ಹಿಂದಿನ ರಾತ್ರಿ, ಒಬ್ಬೊಬ್ಬರೂ ಒಂದೊಂದು ವಸ್ತು ಹೊರಬೇಕು. ಶಾನುಭೋಗ ಲೆಕ್ಕದ ಕಡತ ಅಂದ. ಅಂಬಿಗ ಹುಟ್ಟು ಅಂದ. ಮಡಿವಾಳರ ಹೆಂಗಸಾಗಿದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ನಿದ್ದಳು. ‘ನಾನು ಒಗೆಯೋ ಕಲ್ಲು ತಗೊಂಡು ಹೋಗ್ತೀನಿ. ನಮ್ಮತ್ತೆ ಒಗೆದ ಕಲ್ಲು ಅದು’ ಅಂದಳು. ಉಳಿದವರು ಅವಳ ಮುಖ ನೋಡಿದರು. ಸೂತ್ರಧಾರಿ ಪುಸ್ತಕ ನೋಡಿದಳು. 31ನೇ ಪುಟದಲ್ಲಿ ಹೊರಬಹುದಾದ ಹನ್ನೆರಡು ವಸ್ತುಗಳ ಪಟ್ಟಿ. ಕಲ್ಲು ಅದರಲ್ಲಿಲ್ಲ. ‘ಇದರಲ್ಲಿ ಇಲ್ವಲ್ಲೇ’ ಅಂದಳು. ‘ಹಾಗಾದ್ರೆ ಸೀರೆ ಗಂಟು’ ಅಂತ ಇವಳು ಮುಗಿಸಿದಳು.

ಇಡೀ ಸಂಜೆ ನಿನ್ನ ಆಟಕ್ಕೆ ಜೀವ ಬಂದಿದ್ದು ಆ ಒಂದು ಮಾತಿನಲ್ಲಿ. ನಿನ್ನ ಪುಸ್ತಕವೇ ಅದಕ್ಕೆ ಅಡ್ಡ ಬಂತು. ನನಗೆ ನಿಜವಾಗಲೂ ಸಿಟ್ಟು ಬಂತು ತಮ್ಮ. ಆ ಹನ್ನೆರಡು ವಸ್ತುಗಳನ್ನು ನೀನು ಎಷ್ಟು ಚೆಂದ ಬರೆದಿದ್ದೀಯ ಅಂತ ನನಗೂ ಗೊತ್ತು. ದುಡ್ಡು ಎತ್ತುವ ಕ್ಯಾಂಪೇನ್‌ನಲ್ಲಿ ಚಿತ್ರದ ಸಮೇತ ಹಾಕಿದ್ದೂ ಅದನ್ನೇ, ಜನ ಮೆಚ್ಚಿದ್ದೂ ಅದನ್ನೇ. ಮೆಚ್ಚಿದರು ಅಂತಲೇ ಅದನ್ನು ಮುಟ್ಟಲು ನಿನಗೆ ಧೈರ್ಯ ಬರುತ್ತಿಲ್ಲ. ಪಟ್ಟಿಯನ್ನು ಕಿತ್ತು ಹಾಕು. ‘ನೀನು ಏನು ಹೊರುತ್ತೀಯ? ಅದು ಯಾರದ್ದು?’ ಅಂತ ಎರಡು ಪ್ರಶ್ನೆ ಬರೆ. ಬೇಕಿದ್ದರೆ ನಿನ್ನ ಹನ್ನೆರಡರಲ್ಲಿ ಮೂರನ್ನು ಉದಾಹರಣೆಗೆ ಇಟ್ಟುಕೋ. 22ನೇ ಪುಟದಲ್ಲಿ ಆಟಗಾರನನ್ನು ‘ನಿನ್ನ ಮನೆಯ ಹೊಸ್ತಿಲು ಯಾವ ಮರದ್ದು?’ ಅಂತ ಕೇಳಿದ್ದೀಯಲ್ಲ, ಆ ಜಾಗದಲ್ಲಿ ಹುಡುಗಿಯರು ಹತ್ತು ನಿಮಿಷ ಮಾತಾಡಿದರು. ಅದನ್ನು ಬರೆದವನಿಗೆ ಕಲ್ಲಿಗೂ ಜಾಗ ಬಿಡಲು ಬರುತ್ತೆ.

ನಮ್ಮ ಊರಿನದ್ದೇ ಒಂದು ವಿಷಯ ಹೇಳಲಾ? ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟ ಅಂದರೆ ಪ್ರಾಣ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೇ ಭಾಗ ಕೌತುಕನಿಧಿಯಲ್ಲಿ ಆಟಗಳದ್ದೇ ವಿಷಯ. ಅವರು ತಾವೇ ಹೊಸ ಹೊಸ ಗಂಜೀಫಾ, ಅಂದರೆ ಇಸ್ಪೀಟಿನ ಥರದ ಎಲೆಗಳ ಆಟ ಕಟ್ಟಿದರು. ಕೆಲವಕ್ಕೆ 300ಕ್ಕಿಂತ ಹೆಚ್ಚು ಎಲೆಗಳು. ಆ ಎಲೆಗಳ ಚಿತ್ರ ನೋಡಿದರೆ ಕಣ್ಣು ಕೀಳಲು ಆಗಲ್ಲ. ಆದರೆ ಅವನ್ನು ಇವತ್ತು ಯಾರ ಮನೆಯಲ್ಲಿ ಆಡುತ್ತಾರೆ? ಚೌಕಾಬಾರದ ಮನೆಯನ್ನು ಮಾತ್ರ ಯಾವ ಜಗುಲಿ ಮೇಲಾದರೂ ಸೀಮೆಸುಣ್ಣದಲ್ಲಿ ಗೀಚಿಕೊಂಡು ಆಡುತ್ತಾರೆ. ರಾಜರಿಗೆ ‘ಎಲೆ ಜಾಸ್ತಿ ಆಯ್ತು ಬುದ್ಧೀ’ ಅಂತ ಹೇಳುವವರು ಯಾರಿದ್ದರು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ನಿನಗೆ ಹೇಳುವವರು ಸಿಗಬೇಕು. ದುಡ್ಡು ಹಾಕಿದವರು ಹೇಳಲ್ಲ, ಸ್ನೇಹಿತರು ಹೇಳಲ್ಲ. ನಿನ್ನ ಮುಖ ನೋಡದವರು, ಪುಸ್ತಕ ಮಾತ್ರ ನೋಡಿದವರು ಹೇಳುತ್ತಾರೆ. ಅವರು ಬಾಯಿ ಬಿಟ್ಟು ಹೇಳುವುದೂ ಬೇಡ, ಎಲ್ಲಿ ಪುಟ ತಿರುವಿದರು ಅಂತ ನೋಡಿದರೆ ಸಾಕು.

ಈ ಜಾತಿಯ ಆಟದ ಹುಟ್ಟೂ ಹಾಗೇ. ಇಂಥ ಆಟಗಳಲ್ಲಿ ಮೊದಲು ಅಚ್ಚಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದಿದ್ದು 1974ರಲ್ಲಿ. ಮೊದಲ ಮುದ್ರಣ ಬರೀ ಸಾವಿರ ಪ್ರತಿ, ಪೆಟ್ಟಿಗೆಯೊಳಗೆ ಮೂರು ಚಿಕ್ಕ ಪುಸ್ತಕ. ಅದಕ್ಕೂ ಎಷ್ಟೋ ಮುಂಚೆ ಡೇವ್ ಆರ್ನ್‌ಸನ್ ಮಿನೆಸೋಟಾದಲ್ಲಿ ತನ್ನ ಗುಂಪನ್ನು ಕೂರಿಸಿಕೊಂಡು ಆಡಿಸುತ್ತಿದ್ದ. ಆಮೇಲೆ ಗ್ಯಾರಿ ಗೈಗ್ಯಾಕ್ಸ್ ಲೇಕ್ ಜಿನೀವಾದಲ್ಲಿ ಆಡಿಸಿದ. ಆಡಿ ಆಡಿ ಸವೆದ ಮೇಲೆ ಅಚ್ಚಿಗೆ ಹೋಯಿತು. ನಿಮ್ಮ ಕಡೆ ಆಲೆಮನೆಯಲ್ಲಿ ನೋಡಿರುತ್ತೀಯ, ಪಾಕ ಹದಕ್ಕೆ ಬರುವ ಮುಂಚೆ ಅಚ್ಚಿಗೆ ಸುರಿದರೆ ಬೆಲ್ಲ ನಿಲ್ಲುತ್ತಾ?

ಈಗ ಆ ಸ್ಟ್ರೆಚ್ ಗೋಲ್‌ಗಳ, ಅಂದರೆ ಇಷ್ಟು ದುಡ್ಡು ದಾಟಿದರೆ ಇದನ್ನೂ ಕೊಡುತ್ತೇನೆ ಅನ್ನುವ ಮಾತುಗಳ ವಿಷಯ. ಎರಡು ಲಕ್ಷ ದಾಟಿದರೆ ಬಟ್ಟೆಯ ಹಾಸು, ಎರಡೂವರೆಗೆ ಕವಡೆ ಚೀಲ, ಮೂರಕ್ಕೆ ಶ್ರೀರಂಗಪಟ್ಟಣದ ಮೇಲೆ ಇನ್ನೊಂದು ಕಥೆ. ಒಂದೊಂದನ್ನೂ ಘೋಷಿಸಿದಾಗ ಚಪ್ಪಾಳೆ ಬಂತು, ಚಪ್ಪಾಳೆ ಕೇಳಿ ಇನ್ನೊಂದು ಘೋಷಿಸಿದೆ. ಆಟಕ್ಕೆ ಅದು ಬೇಕಾಗಿತ್ತಾ? ಹಾಸು ಇಲ್ಲದೇ ಹುಡುಗಿಯರು ಚಾಪೆ ಮೇಲೆ ಆಡಿದರು, ಏನೂ ಕಮ್ಮಿ ಆಗಲಿಲ್ಲ. ಹೀಗೆ ಜನರಿಂದ ದುಡ್ಡು ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ 2019ರಿಂದ ಝೀನ್ ಕ್ವೆಸ್ಟ್ ಅಂತ ಸಣ್ಣ ಪುಸ್ತಕದ ಆಟಗಳಿಗೇ ಒಂದು ಸಮಯ ಇಟ್ಟರು. ಸಣ್ಣ ಪುಸ್ತಕದಲ್ಲಿ ಒಂದು ವಿಚಾರ ಹಿಡಿದು ಬರೆದರೆ ಸಾಕು ಅನ್ನುವ ಧೈರ್ಯ ಅದರಿಂದ ಎಷ್ಟೋ ಜನಕ್ಕೆ ಬಂತು. ನಿನಗೂ ಆ ಧೈರ್ಯ ಬೇಕು.

ದುಡ್ಡು ಹಾಗೇ ಇದೆ, ಒಂದು ರೂಪಾಯಿ ಮುಟ್ಟಿಲ್ಲ ಅಂತ ಬರೆದಿದ್ದೀಯ. ಓದಿ ಸಮಾಧಾನ ಆಯಿತು. ಅಮೆರಿಕದಲ್ಲಿ 2012ರಲ್ಲಿ ಒಬ್ಬ ಬೋರ್ಡ್ ಗೇಮ್ ಮಾಡುತ್ತೇನೆ ಅಂತ 35,000 ಡಾಲರ್ ಕೇಳಿದ, 1,22,000 ಡಾಲರ್‌ಗೂ ಜಾಸ್ತಿ ಬಂತು. ಮುಂದಿನ ವರ್ಷ ಆಟ ಬರಲ್ಲ ಅಂದುಬಿಟ್ಟ. ದುಡ್ಡಲ್ಲಿ ಬಹುಪಾಲು ಮನೆ ಬಾಡಿಗೆಗೆ, ಊರು ಬದಲಾಯಿಸುವುದಕ್ಕೆ, ಬೇರೆ ಕೆಲಸಕ್ಕೆ ಹೋಗಿದೆ ಅಂತ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕೇಸು ಹಾಕಿತು. ಕ್ರೌಡ್‌ಫಂಡಿಂಗ್, ಅಂದರೆ ಹೀಗೆ ಜನರಿಂದ ದುಡ್ಡು ಎತ್ತುವ ವಿಷಯದಲ್ಲಿ ಅದು ಆ ಕಮಿಷನ್‌ನ ಮೊದಲ ಕೇಸು. ನೀನು ಅಂಥವನಲ್ಲ. ಆದರೆ ನೀನೂ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೂತಿದ್ದೀಯ. ಅದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಕಾದಂಬರಿಗೆ ಪ್ರಕಾಶಕರೊಬ್ಬರು ಪ್ರಕಟಣಪೂರ್ವ ಚಂದಾ ಎತ್ತಿದರು. ಬಿಡುಗಡೆ ಬಹಳ ಅದ್ದೂರಿ. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ಮೇಲೆ ಮಾತಾಡಿದವರಲ್ಲಿ ಒಬ್ಬರೂ ಪುಸ್ತಕ ಓದಿರಲಿಲ್ಲ. ಮುಖ್ಯ ಅತಿಥಿ ಕಥೆಯಲ್ಲಿ ಸಾಯುವ ಹೆಂಗಸನ್ನು ಬದುಕಿಸಿಯೇ ಮಾತಾಡಿದರು, ಸಭೆ ಚಪ್ಪಾಳೆ ತಟ್ಟಿತು. ಆ ರಾತ್ರಿ ಹಾರ ತೆಗೆದಿಟ್ಟಾಗ ಆದ ಅವಮಾನ ಇನ್ನೂ ಇದೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಚಂದಾ ಕಟ್ಟಿದವರಲ್ಲಿ ಎಷ್ಟೋ ಜನಕ್ಕೆ ಆ ಪ್ರಕಾಶಕರು ಪುಸ್ತಕವನ್ನೇ ಕಳಿಸಲಿಲ್ಲ. ಒಂದು ದಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳುತ್ತಿದ್ದೆ. ವಯಸ್ಸಾದ ಮೇಷ್ಟ್ರು ಒಬ್ಬರು ಹತ್ತಿರ ಬಂದು, ‘ಅಮ್ಮಾ, ನಾನೂ ಚಂದಾ ಕಟ್ಟಿದ್ದೆ’ ಅಂದರು. ಜಗಳ ಮಾಡಲಿಲ್ಲ. ‘ತಡ ಆಗುತ್ತೆ ಅಂತ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು’ ಅಂದರು. ಆ ಪ್ರಕಾಶಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ನಿನಗೆ ದುಡ್ಡು ಕೊಟ್ಟವರಲ್ಲಿ ಅಂಥ ಮೇಷ್ಟ್ರುಗಳು ಇರುತ್ತಾರೆ. ಅವರು ಹೊಗಳಿ ಏನೂ ಬರೆದಿರಲ್ಲ, ಸುಮ್ನೆ ದುಡ್ಡು ಹಾಕಿ ಕಾಯುತ್ತಿರುತ್ತಾರೆ. ಅವರಿಗೆ ಈ ವಾರವೇ ಕಾಗದ ಬರೆ. ಆಟ ಇನ್ನೂ ಸರಿಯಾಗಿಲ್ಲ, ಬೇರೆಯವರು ಆಡಿ ನೋಡುತ್ತಿದ್ದಾರೆ, ನೀರು ಏರುವ ನಿಯಮ ಬದಲಾಗುತ್ತಿದೆ, ಬಟ್ಟೆಯ ಹಾಸು ಮತ್ತು ಎರಡನೇ ಕಥೆ ಕೈಬಿಡಬೇಕು ಅಂತಿದ್ದೇನೆ, ಬೇಡ ಅನ್ನುವವರಿಗೆ ದುಡ್ಡು ವಾಪಸ್. ಇಷ್ಟೇ. ‘ನಿಮ್ಮ ಅಭೂತಪೂರ್ವ ಬೆಂಬಲಕ್ಕೆ’ ಅಂತ ಶುರು ಮಾಡಬೇಡ. ಕೆಲವರು ಬೈಯುತ್ತಾರೆ, ಕೆಲವರು ದುಡ್ಡು ಕೇಳುತ್ತಾರೆ, ಕೊಟ್ಟುಬಿಡು. ಮುಂದಿನ ತಿಂಗಳೂ ಬರೆ, ಹೇಳುವುದು ಏನೂ ಇಲ್ಲದಿದ್ದರೂ ಬರೆ.

ನಾನೂ 800 ರೂಪಾಯಿ ಹಾಕಿದ್ದೇನೆ, ನೀನು ಹೆಸರು ಗಮನಿಸಿಲ್ಲ ಅಷ್ಟೇ. ಆ ಕಾಗದ ನನಗೂ ಬರಬೇಕು. ಬಂದ ಮೇಲೆ 14 ಮತ್ತು 31ನೇ ಪುಟ ತಿದ್ದಿಕೊಂಡು ಒಂದು ಭಾನುವಾರ ಬಾ. ಹುಡುಗಿಯರು ಇನ್ನೊಂದು ಸಲ ಆಡುತ್ತೇವೆ ಅಂದಿದ್ದಾರೆ. ನೀನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಬೇಕು. ಅವರು ತಪ್ಪಾಗಿ ಆಡಿದರೂ ಬಾಯಿ ಬಿಡಬಾರದು, ಬರೆದುಕೊಳ್ಳಬೇಕು. ಬೆಳಗಿನ ರೈಲಿಗೆ ಹೊರಟರೆ ತಿಂಡಿ ಹೊತ್ತಿಗೆ ಇಲ್ಲಿರುತ್ತೀಯ. ಊಟವೂ ನಮ್ಮಲ್ಲೇ.

ಇತಿ,
ನಿನ್ನ ಅಕ್ಕ
ಮೈಸೂರು